ಎಲೆಗೆ ಬೇಡದ ಗಾಳಿ

ಸವಣೂರಿನ ವೀಳ್ಯದೆಲೆ ಬೆಳೆಗಾರರ ಸಂಘದವರು ತಮ್ಮ ಹಳೆಯ ಆಫೀಸಿಗೆ ಹೊಸ ಕಟ್ಟಡ ಜೋಡಿಸುವ ಠರಾವು ಪಾಸು ಮಾಡಿದಾಗ, ನಕ್ಷೆ ಯಾರಿಂದ ಬರೆಸಬೇಕೆಂಬ ಪ್ರಶ್ನೆಯೇ ಏಳಲಿಲ್ಲ. ತಸ್ಲೀಮಾ ಇದ್ದಾಳಲ್ಲ! ಅವಳು ಇಂಜಿನಿಯರ್ ಆಗಿ ಸುತ್ತಲ ತಾಲೂಕುಗಳಲ್ಲಿ ಹೆಸರು ಮಾಡಿದವಳು ಎಂಬುದು ಒಂದು ಕಾರಣ. ಆದರೆ ಸಂಘದವರ ಲೆಕ್ಕದಲ್ಲಿ ಅದು ಸಣ್ಣದು. ದೊಡ್ಡ ಕಾರಣವೆಂದರೆ ಅವಳು ಖಲಂದರಸಾಬರ ಮಗಳು. ಖಲಂದರಸಾಬರ ಎಲೆತೋಟ ಅಂದರೆ ಒಂದು ಕಾಲಕ್ಕೆ ಹತ್ತೂರಿನವರು ಬಂದು ನೋಡಿ ಹೋಗುತ್ತಿದ್ದ ತೋಟ. “ಎಲಿ ತೋಟದಾಗ ಹುಟ್ಟಿ ಬೆಳದಾಕಿಗೆ ನಾವೇನ ಹೇಳಿಕೊಡೂದೈತ್ರಿ?” ಎಂದು ಸಂಘದ ಅಧ್ಯಕ್ಷ ದ್ಯಾಮಪ್ಪ ಕೇಳಿದ. ಉಳಿದವರು ಹೌದೌದೆಂದು ತಲೆದೂಗಿದರು. ಮುಂದೆ ಆದ ಫಜೀತಿಗೆಲ್ಲ ಆ ಒಂದು ಮಾತೇ ಮೂಲ.

ಹುಟ್ಟಿದ್ದು ಖರೆ. ಬೆಳೆದದ್ದು ಎಲ್ಲಿಯವರೆಗೆ ಎಂದು ಮಾತ್ರ ಯಾರೂ ಕೇಳಲಿಲ್ಲ.

ಚಿಕ್ಕಂದಿನಲ್ಲಿ ತಸ್ಲೀಮಾಳ ಬೇಸಿಗೆಗಳೆಲ್ಲ ಕಳೆದದ್ದು ಆ ತೋಟದಲ್ಲೇ. ಹೊರಗೆ ಬಿಸಿಲು ನೆತ್ತಿ ಸುಡುತ್ತಿದ್ದರೂ ತಟ್ಟಿಯ ಬಾಗಿಲು ಸರಿಸಿ ಒಂದು ಹೆಜ್ಜೆ ಒಳಗಿಟ್ಟರೆ ಸಾಕು, ಬೇರೆಯೇ ಊರಿಗೆ ಬಂದಂತಾಗುತ್ತಿತ್ತು. ಚೊಗಚಿ, ನುಗ್ಗೆ, ಹಾಲವಾಣದ ಮರಗಳನ್ನು ತಬ್ಬಿಕೊಂಡು ಏರಿದ ಬಳ್ಳಿ, ಸಾಲಿನ ನಡುವೆ ಸಣ್ಣ ಕಾಲುವೆ, ನೆಲದ ಮೇಲೆ ಅಲ್ಲಲ್ಲಿ ಚಿಲ್ಲರೆ ಚೆಲ್ಲಿದಂತೆ ಬಿದ್ದ ಬಿಸಿಲು. ಅಪ್ಪ ಬಳ್ಳಿ ಕಟ್ಟುತ್ತ ಹೋಗುವಾಗ ಅವಳು ಕಾಲುವೆಯಲ್ಲಿ ಕಾಲು ಇಳಿಬಿಟ್ಟು ಕೂರುತ್ತಿದ್ದಳು. ಮನೆಯಲ್ಲಿ ಎಲ್ಲರ ಮಾತೂ ಉರ್ದು. ತೋಟದ ಮಾತು ಬಂದರೆ ಮಾತ್ರ ಖಲಂದರಸಾಬರ ಬಾಯಲ್ಲಿ ಕನ್ನಡ. ಬಳ್ಳಿಗೆ ಉರ್ದು ತಿಳಿಯೂದಿಲ್ಲ ಎಂದು ನಗುತ್ತಿದ್ದರು.

ತೋಟಕ್ಕೆ ಕೆಲವು ಕಟ್ಟಳೆಗಳಿದ್ದವು, ಅವುಗಳಲ್ಲಿ ಹಿಂದೂ ತೋಟ ಮುಸಲ್ಮಾನರ ತೋಟ ಎಂಬ ಭೇದವಿರಲಿಲ್ಲ. ಚಪ್ಪಲಿ ಹೊರಗೆ ಬಿಡಬೇಕು. ಮೈನೆರೆದ ಹೆಣ್ಣುಮಕ್ಕಳು ಒಳಗೆ ಕಾಲಿಡಬಾರದು, ಬಳ್ಳಿ ಬಾಡುತ್ತದೆ. ತಸ್ಲೀಮಾ ಹನ್ನೆರಡು ತುಂಬಿದ ವರ್ಷ ಒಂದು ದಿನ ಎಂದಿನಂತೆ ಬುತ್ತಿ ಒಯ್ದಾಗ ಅಪ್ಪ ಬಾಗಿಲ ತನಕ ಬಂದು ಡಬ್ಬಿ ಇಸಿದುಕೊಂಡರು. “ಇಲ್ಲೇ ಕೊಡು ಬೇಟಾ. ಇನ್ನ ಮ್ಯಾಲ ಒಳಗ ಬರಬ್ಯಾಡ.” ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳಿಗೆ ಹೆಚ್ಚು ನೋವಾದದ್ದು. ಸಿಟ್ಟಿದ್ದರೆ ಎಂದಾದರೂ ಇಳಿದೀತು ಎಂದು ಕಾಯಬಹುದಿತ್ತು. ಅಪ್ಪ ಊಟ ಮುಗಿಸಿ ಡಬ್ಬಿ ವಾಪಸು ಕೊಡುವ ತನಕ ಅವಳು ಬೇಲಿಯ ಹೊರಗೆ ನಿಂತಿದ್ದಳು.

ಅದೇ ತೋಟದ ಎಲೆ ಸಂಜೆ ಮನೆಗೆ ಬಂದರೆ ಅದನ್ನು ಎಣಿಸಿ, ಹರಿದದ್ದು ತೂತು ಬಿದ್ದದ್ದು ಬೇರೆ ಮಾಡಿ, ಕಟ್ಟು ಕಟ್ಟುವವರೆಲ್ಲ ಹೆಂಗಸರೇ. ತಾಯಿ ಮುಮ್ತಾಜಬೇಗಂ ತಿಂಗಳ ಮೂವತ್ತೂ ದಿನ ಆ ಕೆಲಸ ಮಾಡುತ್ತಿದ್ದಳು. ಬಳ್ಳಿಯ ಮೇಲಿನ ಎಲೆಗೆ ತಾಗುವ ಮೈಲಿಗೆ ಕಿತ್ತ ಎಲೆಗೆ ತಾಗುತ್ತಿರಲಿಲ್ಲ. ಮೈಲಿಗೆಗೂ ಬುದ್ಧಿ ಇರುತ್ತದೆ ನೋಡಿ, ದುಡಿಮೆ ನಿಂತುಹೋಗುವ ಕಡೆ ಅದು ತಲೆ ಹಾಕುವುದಿಲ್ಲ.

ತೋಟದ ಬಾಗಿಲು ಮುಚ್ಚಿದರೆ ಶಾಲೆಯ ಬಾಗಿಲು ತೆರೆದಿತ್ತು. ಹುಬ್ಬಳ್ಳಿಯಲ್ಲಿ ಸಿವಿಲ್ ಓದಿ ಬಂದ ತಸ್ಲೀಮಾ ಸೆರಗು ಬಿಗಿದು ಸ್ಲ್ಯಾಬಿನ ಮೇಲೆ ಹತ್ತುವುದನ್ನು ನೋಡಲು ಮೊದಮೊದಲು ಬಜಾರದ ಮಂದಿ ಕೆಲಸ ಬಿಟ್ಟು ಬರುತ್ತಿದ್ದರು. ಆಮೇಲೆ ಅವರಿಗೂ ಬೇಸರವಾಯಿತು. ಶಿಗ್ಗಾವಿಯ ಕಾಲೇಜಿನಲ್ಲಿ ಪಾಠ ಹೇಳುವ ಶಾಹಬಾಜನನ್ನು ಮದುವೆಯಾದಳು; ಅವನು ಸಂಜೆ ಮನೆಗೆ ಬಂದು ಚಹಾ ಮಾಡಿಟ್ಟು ಹೆಂಡತಿಯ ದಾರಿ ಕಾಯುವ ಗಂಡ. ಹಾನಗಲ್ಲಿನಲ್ಲಿ ಶಾಲೆ ಕೋಣೆ ಕಟ್ಟಿದಳು, ಅಲ್ಲಿ ಜಡಿಮಳೆ ಒಳಗೆ ಹೊಡೆಯದಂತೆ ಛಜ್ಜಾ ಮಾರುದ್ದ ಚಾಚಿದಳು. ಹಿರೇಕೆರೂರಿನ ಕಡೆ ಬೀಜದ ಗೋದಾಮು, ರಟ್ಟೀಹಳ್ಳಿಯಲ್ಲಿ ವಾಚನಾಲಯ. ಎಲ್ಲಿ ಕಟ್ಟಿದರೂ ಮೊದಲು ಆ ಜಾಗದಲ್ಲಿ ಒಂದು ಇಡೀ ದಿನ ಸುಮ್ಮನೆ ಕೂತು ಬಿಸಿಲು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ನೋಡುವುದು ಅವಳ ರೂಢಿ. “ಕಾಂಕ್ರೀಟ್ ಅಂದ್ರ ರೊಟ್ಟಿ ಹಂಚು ಇದ್ದಂಗ ಕಾಯ್ತೈತಿ” ಅನ್ನುವವರಿಗೆ ಅವಳು, “ಹಂಚಿನ ಮ್ಯಾಲ ಕುಂತ್ರ ಕಾಯೂದ. ನೆಳ್ಳಾಗಿಟ್ಟು ನೋಡ್ರಿ” ಎಂದು ತಿರುಗಿ ಹೇಳುತ್ತಿದ್ದಳು.

ಇತ್ತ ಖಲಂದರಸಾಬರ ತೋಟ ಹೋಯಿತು. ಬರಕ್ಕೆ ಹೋಗಲಿಲ್ಲ, ರೋಗಕ್ಕೆ ಹೋಗಲಿಲ್ಲ. ಅಣ್ಣತಮ್ಮಂದಿರ ವಾಟ್ನಿಯಲ್ಲಿ ಹೋಯಿತು. ಪಂಚರು ಕೂತು ಬಲು ನ್ಯಾಯವಾಗಿ ಹಂಚಿದರು: ಬಾವಿ ಒಬ್ಬನಿಗೆ, ಬಳ್ಳಿ ಖಲಂದರಸಾಬರಿಗೆ. ಬಾವಿಯಿದ್ದವನು ನೀರು ಬಿಡಲಿಲ್ಲ. ಎರಡು ಬೇಸಿಗೆಯಲ್ಲಿ ಬಳ್ಳಿ ನೆಲಕ್ಕೆ ಬಿತ್ತು, ಆಮೇಲೆ ಅಲ್ಲಿ ಪ್ಲಾಟು ಬಿದ್ದವು. ಅಂದಿನಿಂದ ಖಲಂದರಸಾಬರು ಮಸೀದಿಗೆ ಹೋಗಲೂ ಸುತ್ತಿನ ದಾರಿ ಹಿಡಿದರು. ಮುಮ್ತಾಜಬೇಗಂ ತೀರಿಕೊಂಡ ಮೇಲೆ ಅದೂ ಕಡಿಮೆಯಾಗಿ, ಮಗಳ ಮನೆಯ ಪಡಸಾಲೆಯಲ್ಲಿ ಕೂತು ಬೀದಿ ನೋಡುವುದೇ ಕೆಲಸವಾಯಿತು. ಕೇಳಿದ್ದಕ್ಕೆ ಹೂಂ, ಕೇಳದಿದ್ದರೆ ಅದೂ ಇಲ್ಲ.

ಸಂಘದ ಕೆಲಸ ಕೈಗೆ ಬಂದಾಗ ತಸ್ಲೀಮಾಳಿಗೆ ಹೊಳೆದದ್ದು ಒಂದೇ ಆಸೆ. ತಾನು ಕಳೆದುಕೊಂಡ, ಅಪ್ಪನೂ ಕಳೆದುಕೊಂಡ ಆ ತೋಟದ ತಂಪನ್ನು ಕಾಂಕ್ರೀಟಿನಲ್ಲಿ ಮತ್ತೆ ಕಟ್ಟಬೇಕು. ಅಪ್ಪ ಒಂದು ದಿನ ಬಂದು ಅದರೊಳಗೆ ಕೂತು, “ತೋಟದಾಗ ಕುಂತಂಗ ಆತು” ಅನ್ನಬೇಕು. ಬೇರೇನೂ ಬೇಡ. ಈ ಮಾತನ್ನು ಅವಳು ಶಾಹಬಾಜನಿಗೂ ಹೇಳಿರಲಿಲ್ಲ.

ಸಂಘದ ಹಳೆಯ ಆಫೀಸು ಕರಿಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಎರಡು ಕೋಣೆ. ಹಿಂದಿನ ಕತ್ತಲೆ ಕೋಣೆಯಲ್ಲಿ ಬೆಳಿಗ್ಗೆ ಎಲೆ ಲಿಲಾವು ನಡೆಯುತ್ತಿತ್ತು. ಬೆಳೆಗಾರರು ಬುಟ್ಟಿ ತಂದಿಡುವುದು, ವ್ಯಾಪಾರಸ್ಥರು ಕೂಗುವುದು, ಒಬ್ಬರ ಕಾಲು ಇನ್ನೊಬ್ಬರು ತುಳಿಯುವುದು. ಹೊಸದರಲ್ಲಿ ಬೆಳಿಗ್ಗೆ ಲಿಲಾವು ನಡೆಯಬೇಕು, ಅದು ಮುಗಿದ ಮೇಲೆ ಅದೇ ಜಾಗ ಆಫೀಸಾಗಬೇಕು, ತಿಂಗಳಿಗೊಮ್ಮೆ ಸಭೆಗೂ ಒದಗಬೇಕು. ಕಮಿಟಿಯಲ್ಲಿ ಎತ್ತು ಏರಿಗೆ, ಕೋಣ ನೀರಿಗೆ. ದ್ಯಾಮಪ್ಪನಿಗೆ ಹುಬ್ಬಳ್ಳಿಯ ಶೋರೂಮಿನಂತೆ ಮುಂದೆಲ್ಲ ಗಾಜು ಬೇಕು, ಒಳಗೆ ಏಸಿ ಬೇಕು. “ಕರೆಂಟ್ ಹೋದಾಗ ಗಾಜಿನ ಡಬ್ಬ್ಯಾಗ ಕುಂತು ಬೇಯ್ತೀರೇನ್ರಿ ಅಣ್ಣಾ?” ಎಂದು ತಸ್ಲೀಮಾ ಕೇಳಿದ ಮೇಲೆ ಅವನು ಗಾಜನ್ನು ಬಿಟ್ಟ, ಏಸಿಯನ್ನು ಬಿಡಲಿಲ್ಲ.

ಅವಳು ಬರೆದ ನಕ್ಷೆ ನಿಜಕ್ಕೂ ಚೆಲುವಾಗಿತ್ತು. ಸ್ಲ್ಯಾಬಿನ ಮೇಲೆ ಕೈ ಆಡುವಷ್ಟು ಸಂದು ಬಿಟ್ಟು ಇನ್ನೊಂದು ತೆಳು ಸ್ಲ್ಯಾಬು, ಬಿಸಿಲು ಮೇಲಿನದಕ್ಕೆ ಹೊಡೆದು ಅಲ್ಲೇ ಉಳಿಯಲಿ ಎಂದು. ಒಳಗೆ ಒಂದೂ ಅಡ್ಡಗೋಡೆಯಿಲ್ಲ; ಮಡಚಿ ಸರಿಸುವ ಹಲಗೆಗಳು, ಗಾಲಿಯ ಮೇಜುಗಳು. ಹೊರಗೋಡೆಗೆ ಕಾಂಕ್ರೀಟಿನ ಬಿಲ್ಲೆಗಳನ್ನು ನೆಲದ ಮೇಲೆ ಎರಕ ಹೊಯ್ದು, ಕಂಬಗಳಲ್ಲಿ ಬಿಟ್ಟ ಸಂದಿಗೆ ಒಂದರ ಮೇಲೊಂದು ಇಳಿಸಿದಳು, ಸಿಮೆಂಟು ಹಾಕಿ ಬೆಸೆಯಲಿಲ್ಲ. ನಾಳೆ ಬಾಗಿಲು ಬೇಕೆಂದರೆ ಒಂದು ಬಿಲ್ಲೆ ಎತ್ತಿದರಾಯಿತು. ಪಡುವಣ ದಿಕ್ಕಿನ ಬಿಲ್ಲೆಗಳೆಲ್ಲ ಜಾಲಂದ್ರದಂತೆ ತೂತು ಬಿಟ್ಟ ಜಾಲಿಯವು, ಎದೆಮಟ್ಟದಲ್ಲಿ ಗಾಳಿ ಧಾರಾಳವಾಗಿ ಒಳಗೆ ಬಂದು ಆಚೆ ಹೋಗುವಂಥವು. ತೋಟದ ತಂಪನ್ನು ನೆನೆದಾಗಲೆಲ್ಲ ಅವಳ ಮನಸ್ಸಿಗೆ ಬರುತ್ತಿದ್ದದ್ದು ಗಾಳಿಯೇ. ನಕ್ಷೆಯನ್ನು ಅಪ್ಪನ ಮುಂದೆ ಹಾಸಿದಳು. ಅವರು ಬಹಳ ಹೊತ್ತು ನೋಡಿ, “ಬಾಗಲಾ ಯಾವ ಕಡೆ?” ಎಂದು ಕೇಳಿದರು. ತೋರಿಸಿದಳು. ಛಲೋ ಆತು ಎಂದು ನಕ್ಷೆ ಮಡಚಿ ಕೊಟ್ಟರು.

ಯುಗಾದಿಯಾಗಿ ಕೆಲವೇ ದಿನಕ್ಕೆ ಹೊಸ ಕಟ್ಟಡದಲ್ಲಿ ಮೊದಲ ಲಿಲಾವು. ಒಳಗೆ ಬಂದವರೆಲ್ಲ ಅಂಗಿಯ ಗುಂಡಿ ಬಿಚ್ಚಿ ಗಾಳಿಗೆ ಎದೆಯೊಡ್ಡಿದರು. “ಯಪ್ಪಾ, ಗುಡ್ಡದ ಮ್ಯಾಲ ನಿಂತಂಗ ಆಗಾಕತ್ತೈತಿ!” ದ್ಯಾಮಪ್ಪನಂತೂ ಗಾಜಿನ ಮಾತು ತಾನು ಆಡೇ ಇಲ್ಲವೆಂಬಂತೆ ಬಂದವರಿಗೆಲ್ಲ ಜಾಲಿ ತೋರಿಸುತ್ತ ತಿರುಗಿದ. ತಸ್ಲೀಮಾ ಒಂದು ಮೂಲೆಯಲ್ಲಿ ನಿಂತು, ನಾಳೆ ಅಪ್ಪನನ್ನು ಕರೆತರುವುದು ಹೇಗೆ ಎಂದು ಯೋಚಿಸುತ್ತಿದ್ದಳು. ಅಷ್ಟರಲ್ಲಿ ಹೊಗಳಿಕೆ ಒಂದೊಂದಾಗಿ ನಿಂತಿತು. ಜನ ಬುಟ್ಟಿಗಳ ಮೇಲೆ ಬಗ್ಗಿದರು. ಬಿಸಿಲೇರಿದಂತೆ ಗಾಳಿಯೂ ಏರಿ, ಮೇಲಿನ ಎಲೆಗಳ ಅಂಚು ಮುದುರತೊಡಗಿತ್ತು. ಯಲವಿಗಿ ಸ್ಟೇಷನ್ನಿನಲ್ಲಿ ಎಲೆ ಮಾರುವ ಗುತ್ತೆವ್ವ ಒಂದು ಎಲೆ ಎತ್ತಿ ಗಲ್ಲಕ್ಕೆ ಒತ್ತಿ ನೋಡಿ, “ಮಂದಿಗೆ ಛಲೋ ಕಟ್ಟೀಯವ್ವಾ. ಎಲಿಗಲ್ಲ” ಎಂದಳು. ಯಾರೂ ಬೈಯಲಿಲ್ಲ. ಬುಟ್ಟಿಗಳನ್ನು ಎತ್ತಿಕೊಂಡು ಹಳೆಯ ಕತ್ತಲೆ ಕೋಣೆಗೆ ಒಬ್ಬೊಬ್ಬರಾಗಿ ನಡೆದರು.

ಎಲೆಗೆ ಗಾಳಿಯಾಗದು ಎಂಬುದು ಸವಣೂರಿನಲ್ಲಿ ಕೂಸುಗಳಿಗೂ ಗೊತ್ತು. ಅದಕ್ಕೇ ಯಾರೂ ಅವಳಿಗೆ ಹೇಳಿರಲಿಲ್ಲ. ನಕ್ಷೆ ನೋಡಿದ ಕಮಿಟಿಯವರು, ಆ ಜಾಲಿಗೆ ಏನೋ ಉಪಾಯ ಇದ್ದೀತು, ಖಲಂದರಸಾಬರ ಮಗಳಿಗೆ ತಿಳಿಯದ್ದೇ ಎಂದುಕೊಂಡರು. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಳ್ಳಲ್ಲ.

ಸಂಜೆ ದ್ಯಾಮಪ್ಪ ಮನೆಯ ತನಕ ಬಂದು ಹೊಸ್ತಿಲಲ್ಲೇ ನಿಂತ. “ತಂಗಿ, ತಪ್ಪು ತಿಳಕೋಬ್ಯಾಡ. ಅಕ್ಷಯ ತದಗಿ ಬಂತು, ಲಗ್ನದ ಸುಗ್ಗಿ. ಅಷ್ಟರೊಳಗ ಏನರ ಮಾಡಿದ್ರ ಆತು. ಇಲ್ಲಂದ್ರ ಜಾಲಿಗೆಲ್ಲಾ ಇಟ್ಟಂಗಿ ಹಚ್ಚಿ ಮುಚ್ಚಿ ಏಸಿ ಕೂಡ್ರಸ್ತೇವಿ. ಮಂದಿ ಕೇಳಾಕತ್ತಾರ.” ಇಟ್ಟಂಗಿ ಹಚ್ಚಿದರೆ ಅದು ಮತ್ತೊಂದು ಗೋದಾಮು. ಗೋದಾಮಿನಲ್ಲಿ ಕೂಡಲು ಅಪ್ಪನನ್ನು ಯಾವ ಬಾಯಿಂದ ಕರೆಯುವುದು?

ದ್ಯಾಮಪ್ಪ ಹೋದ ಮೇಲೆ ತಸ್ಲೀಮಾ ಪಡಸಾಲೆಯಲ್ಲಿ ಅಪ್ಪನ ಎದುರು ಕೂತಳು.

“ಅಬ್ಬಾ, ತೋಟದಾಗ ಅಷ್ಟ ತಂಪು ಇರ್ತಿತ್ತಲ್ಲ, ಗಾಳಿ ಎಲ್ಲಿಂದ ಬರ್ತಿತ್ತು?”

“ಗಾಳಿ?” ಖಲಂದರಸಾಬರು ಅವಳ ಮುಖ ನೋಡಿದರು. “ಗಾಳಿ ಎಲ್ಲಿ ಬಿಡ್ತಿದ್ವಿ? ಗಾಳಿ ಹೊಕ್ಕರ ಬಳ್ಳಿ ಉಳೀತೈತೇನು? ಬ್ಯಾಸಗಿ ಬಂತಂದ್ರ ಪಡುವಣ ಬದಿಗೆ ತಟ್ಟಿ ಕಟ್ಟೂದ ನನ್ನ ಕೆಲಸ.”

“ನನಗ ಯಾಕ ಹೇಳಲಿಲ್ಲ ನೀವು?”

“ನಿನಗ ಗೊತ್ತಿಲ್ಲಂತ ನನಗೇನ ಗೊತ್ತು!”

“ನನಗ ಹೆಂಗ ಗೊತ್ತಿರಬೇಕ್ರಿ ಅಬ್ಬಾ?” ಎಂದಳು ತಸ್ಲೀಮಾ. ಐವತ್ತೆರಡರ ಹೆಂಗಸಿನ ಧ್ವನಿ ಸಣ್ಣ ಹುಡುಗಿಯದಾಗಿತ್ತು. “ನೀವ ಬಾಗಲದಾಗ ನಿಲ್ಲಿಸಿದ್ರಲ್ಲ.”

ಖಲಂದರಸಾಬರು ಗೋಡೆ ಹಿಡಿದು ಎದ್ದು ಟೊಪ್ಪಿಗೆ ಹುಡುಕಿದರು. “ನಾಳೆ ನಸಿಕಿನ್ಯಾಗ ದ್ಯಾಮಪ್ಪನ ತೋಟಕ್ಕ ಹೋಗೂಣು.”

ಮರುದಿನ ತೋಟದ ಬಾಗಿಲಲ್ಲಿ ದ್ಯಾಮಪ್ಪ ಪೇಚಿಗೆ ಬಿದ್ದ. ಖಲಂದರಸಾಬರು ಬಂದದ್ದು ಅವನಿಗೆ ಹಬ್ಬ; ಆದರೆ ಜೊತೆಗೆ ಮಗಳು. ತಲೆ ಕೆರೆದುಕೊಂಡು, “ಅಲ್ಲ ಕಾಕಾ... ತಂಗೀನೂ ಒಳಗ...?” ಎಂದು ರಾಗ ಎಳೆದ.

“ಆಕಿಗೆ ಐವತ್ತೆರಡು ದ್ಯಾಮಪ್ಪಾ” ಎಂದರು ಖಲಂದರಸಾಬರು.

“ಹೌದಲ್ಲ! ಹಂಗಾದ್ರ ಏನೂ ತೊಂದ್ರಿಲ್ಲ. ಬಾ ತಂಗಿ, ಬಾ.”

ತಸ್ಲೀಮಾ ಚಪ್ಪಲಿ ಬಿಟ್ಟಳು, ಆದರೆ ಕಾಲು ಏಳಲಿಲ್ಲ. ಅವಳ ಮುಟ್ಟು ನಿಂತು ಮೂರು ವರ್ಷವಾಗಿತ್ತು. ಅಂದರೆ ಮೂರು ವರ್ಷದಿಂದ ಅವಳಿಗೆ ಯಾವ ತೋಟದ ಬಾಗಿಲೂ ಮುಚ್ಚಿರಲಿಲ್ಲ. ಯಾರೂ ಬಾ ಎನ್ನಲಿಲ್ಲ ಸರಿ. ಅವಳಾದರೂ ಹೋಗಿ ನಿಂತು ಕೇಳಿದ್ದಳೇ? ಮುಚ್ಚಿದ್ದು ಮುಚ್ಚಿದೆ ಎಂದೇ ಬದುಕಿಬಿಟ್ಟಿದ್ದಳು. ಅವಳಿಗೆ ತನ್ನ ಮೇಲೆ, ಅಪ್ಪನ ಮೇಲೆ, ಆ ಬೇಲಿಯ ಮೇಲೆ ಒಟ್ಟಿಗೇ ಸಿಟ್ಟು ಬಂತು. ಕಣ್ಣು ಒರೆಸಿಕೊಂಡು ಒಳಗೆ ಹೋದಳು.

ಹೋದವಳು ಮಧ್ಯಾಹ್ನದ ತನಕ ಹೊರಗೆ ಬರಲಿಲ್ಲ. ಅಪ್ಪ ಮತ್ತು ದ್ಯಾಮಪ್ಪ ಬಾವಿಕಟ್ಟೆಯ ಮೇಲೆ ಹಳೆಯ ಮಾತು ತೆಗೆದು ಕೂತರೆ, ಅವಳು ಸಾಲಿನಿಂದ ಸಾಲಿಗೆ ತಿರುಗಿದಳು, ಕೂತಳು, ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿದಳು. ಪಡುವಣ ಬದಿಗೆ ಬಾಳೆಯ ಸಾಲು, ಅದಕ್ಕೆ ಒತ್ತಿ ಒಣ ಸೋಗೆಯ ತಟ್ಟಿ. ಎದೆಮಟ್ಟದಲ್ಲಿ ಕೈಯೆತ್ತಿ ಹಿಡಿದರೆ ಒಂದು ಎಲೆಯೂ ಅಲುಗದ ನಿಶ್ಚಲತೆ. ಆದರೆ ತಟ್ಟಿಯ ಬುಡದಲ್ಲಿ ಗೇಣುದ್ದ ಬಿಟ್ಟಿದ್ದರು. ಅಲ್ಲಿಂದ ನುಸುಳಿದ ಗಾಳಿ ಕಾಲುವೆಯ ನೀರು ಸವರಿಕೊಂಡು ಪಾದದ ಮಟ್ಟದಲ್ಲೇ ಹರಿದು, ಕಾದ ಮೇಲೆ ಮರದ ತಲೆಯ ಸಂದಿನಲ್ಲಿ ಹೊರಟುಹೋಗುತ್ತಿತ್ತು. ಹಾಗಾದರೆ ಚಿಕ್ಕಂದಿನಲ್ಲಿ ತಾನು ಗಾಳಿ ಎಂದು ನೆನಪಿಟ್ಟುಕೊಂಡದ್ದು ಖರೆಯೇ. ಕಾಲುವೆಗೆ ಕಾಲಿಳಿಸಿ ಕೂತ ಕೂಸಿಗೆ ಮೈತುಂಬ ಗಾಳಿ. ನಿಂತು ನೋಡುವ ವಯಸ್ಸಿಗೆ ಅವಳು ಅಲ್ಲಿರಲಿಲ್ಲ, ಅಷ್ಟೇ.

ತಪ್ಪು ಎಲ್ಲಿ ಎಂದು ತಿಳಿದ ಮೇಲೆ ತಿದ್ದುವುದು ಕಷ್ಟವಾಗಲಿಲ್ಲ, ಏಕೆಂದರೆ ಗೋಡೆಯನ್ನು ಅವಳು ಬೆಸೆದಿರಲಿಲ್ಲ. ಬಿಲ್ಲೆಗಳನ್ನು ಎತ್ತಿ ಬದಲಿಸಿದಳು: ಜಾಲಿಯವು ಕೆಳಗೆ ಪಾದದ ಮಟ್ಟಕ್ಕೆ ಮತ್ತು ಮೇಲೆ ಸ್ಲ್ಯಾಬಿನ ಕೆಳಗೆ, ನಡುವೆ ಮರದ ಕದಗಳು. ಗೋಡೆಯ ಬುಡಕ್ಕೆ ಹೊರಗಿನಿಂದ ಒಂದು ಸಣ್ಣ ಕಾಲುವೆ ತೋಡಿಸಿ, ಮಳೆನೀರಿನ ಟಾಕಿಯಿಂದ ಅದಕ್ಕೆ ನೀರು ಬಿಟ್ಟಳು. ಬೆಳಿಗ್ಗೆ ಎಲೆ ಇರುವ ತನಕ ಕದ ಮುಚ್ಚಿರಬೇಕು. ಎಲೆ ಹೋಗಿ ಮಂದಿ ಕೂತ ಮೇಲೆ ತೆರೆಯಬೇಕು. ಒಂದು ಕಟ್ಟಡ, ಹೊತ್ತಿಗೊಂದು ಹವೆ. ದ್ಯಾಮಪ್ಪ ಬಂದು ನೋಡಿ, ಏಸಿಯ ವಿಷಯ ಮುಂದಿನ ಸಭೆಗೆ ಇಡೋಣ ಎಂದು ದೊಡ್ಡ ಮನಸ್ಸು ಮಾಡಿದ.

ಅಕ್ಷಯ ತದಿಗೆಯ ಹಿಂದಿನ ದಿನ ಸಂಘದ ತುಂಬ ಬುಟ್ಟಿ. ಹಾನಗಲ್ಲಿನಿಂದ, ಹಿರೇಕೆರೂರಿನಿಂದ ಲಗ್ನದ ಮನೆಯವರೇ ಗಾಡಿ ಮಾಡಿಕೊಂಡು ಬಂದಿದ್ದರು. ಖಲಂದರಸಾಬರು ಮಗಳ ಕೈ ಹಿಡಿದು ಒಳಗೆ ಬಂದು, ತೋರಿಸಿದ ಕುರ್ಚಿ ಬೇಡವೆಂದು ಪಡುವಣ ಗೋಡೆಗೆ ಒರಗಿ ನೆಲದ ಮೇಲೆ ಕೂತರು. ಲಿಲಾವು ಕೂಗಿದರು, ಜಗಳಾಡಿದರು, ನಕ್ಕರು. ಬಿಸಿಲು ಏರಿತು. ಗುತ್ತೆವ್ವ ಒಂದು ಎಲೆ ಎತ್ತಿ ಗಲ್ಲಕ್ಕೆ ಒತ್ತಿಕೊಂಡಳು. ಬುಟ್ಟಿ ಹೊತ್ತು ಯಲವಿಗಿಯ ಬಸ್ಸಿಗೆ ಓಡಿದಳು. ಎಲೆ ಉಳಿಯಿತು.

ತಸ್ಲೀಮಾ ಅಪ್ಪನ ಬದಿಗೆ ಕೂತಳು. ವರ್ಷದಿಂದ ಕಾದ ಮಾತು ಈಗ ಬರುತ್ತದೆ ಎಂದು ಕಿವಿಯಾನಿಸಿದಳು. ಖಲಂದರಸಾಬರು ನೆಲದ ಮೇಲೆ ಅಂಗೈ ಊರಿ ತಣ್ಣನೆಯ ಗಾಳಿಯನ್ನು ಮುಟ್ಟಿ ನೋಡಿದರು, ತಲೆಯೆತ್ತಿ ಮೇಲಿನ ಜಾಲಿ ನೋಡಿದರು. ಆಮೇಲೆ ಮಗಳ ಕಡೆ ತಿರುಗದೆ ಹೇಳಿದರು:

“ನಮ್ಮ ತೋಟ ನೀ ಪೂರ್ತಿ ನೋಡಲೇ ಇಲ್ಲ ಬೇಟಾ.”

“ನೋಡೀನಲ್ರಿ ಅಬ್ಬಾ. ಹನ್ನೆರಡು ವರ್ಷ ನೋಡೀನಿ.”

“ಆವಾಗ ಅದು ಇನ್ನೂ ಸಣ್ಣದು. ನೀ ಬರೂದು ಬಿಡಿಸಿದ ಮ್ಯಾಲ ಭಾಳ ಛಂದ ಆತು ಅದು. ಭಾಳ ಛಂದ ಆತು. ನಿನಗ ತೋರಸಲಿಲ್ಲ ನಾ.”

ಇಷ್ಟು ವರ್ಷ ತಸ್ಲೀಮಾ ನೆನೆದು ನೆನೆದು ಅತ್ತ ತೋಟ, ಕಾಂಕ್ರೀಟು ಹೊಯ್ದು ಕಟ್ಟಿದ ತೋಟ, ಆ ತೋಟದ ಆರಂಭ ಮಾತ್ರವಾಗಿತ್ತು. ಚೆಂದದ ವರ್ಷಗಳೆಲ್ಲ ಬೇಲಿಯ ಆಚೆ ನಡೆದುಹೋಗಿದ್ದವು, ನೆನೆಯಲೂ ಅವಳ ಬಳಿ ಏನೂ ಇರಲಿಲ್ಲ. ಅವಳು ಅಪ್ಪನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

“ಹೆಂಗಿತ್ತು ಹೇಳ್ರಿ” ಎಂದಳು. “ಆಮ್ಯಾಲ ಹೆಂಗಾತು?”

ಖಲಂದರಸಾಬರು ಬಾವಿಯ ಬದಿಯ ಮೊದಲ ಸಾಲಿನಿಂದ ಹೇಳತೊಡಗಿದರು. ಯಾವ ಮರಕ್ಕೆ ಯಾವ ಬಳ್ಳಿ, ಯಾವ ವರ್ಷ ಬಳ್ಳಿಯನ್ನು ಮರದಿಂದ ಇಳಿಸಿ ಬುಡದ ಮಣ್ಣಿಗೆ ಹಾಕಿದ್ದು, ಯಾವುದು ಮತ್ತೆ ಹೇಗೆ ಚಿಗುರಿದ್ದು. ಬುಟ್ಟಿಗಳು ಖಾಲಿಯಾದವು, ನೆಲ ಗುಡಿಸಿದರು, ಮಡಚುವ ಹಲಗೆಗಳು ಸರಿದವು, ಗಾಲಿಯ ಮೇಜುಗಳು ಬಂದು ನಿಂತವು, ನಡುವಿನ ಕದಗಳು ಒಂದೊಂದಾಗಿ ತೆರೆದುಕೊಂಡು ಪೇಟೆಯ ಗಾಳಿ ಒಳಗೆ ಬಂತು. ಗೋಡೆಗೊರಗಿ ಕೂತ ಇಬ್ಬರನ್ನು ಏಳಿಸಲು ಯಾರಿಗೂ ಮನಸ್ಸಾಗಲಿಲ್ಲ. ಮೇಜುಗಳನ್ನು ಅವರನ್ನು ಬಿಟ್ಟು ಆಚೀಚೆ ಜೋಡಿಸಿದರು. ತಂದೆ ಆಗ ಇನ್ನೂ ಎರಡನೇ ಸಾಲಿನಲ್ಲಿದ್ದರು.